ಲೈನ್‌ಬ್ಯಾಕರ್ ಆಯ್ಕೆಗೆ ಯಾವುದನ್ನು ನಂಬೋದು: 40 ಯಾರ್ಡ್ ಓಟವನ್ನೋ, ಆಟದ ವಿಡಿಯೋವನ್ನೋ?

ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ, ಹತ್ತಿರ ಬಂದರೆ ಎಲ್ಲರ ಬಾಯಲ್ಲೂ 40 ಯಾರ್ಡ್ ಓಟದ ಸಮಯವೇ. ಇಬ್ಬರು ಲೈನ್‌ಬ್ಯಾಕರ್‌ಗಳನ್ನು (ರಕ್ಷಣೆಯ ಮುಂಚೂಣಿ ಸಾಲಿನ ಹಿಂದೆ ನಿಲ್ಲುವ ಆಟಗಾರರು) ಪಕ್ಕಪಕ್ಕ ಇಟ್ಟು ನೋಡಿ.

ಐಸಾಯಾ ಸಿಮ್ಮನ್ಸ್ 2020ರಲ್ಲಿ 4.39 ಸೆಕೆಂಡಿನಲ್ಲಿ ಓಡಿದರು, ಅರಿಜೋನಾ ತಂಡ ಅವರನ್ನು 8ನೇ ಆಯ್ಕೆಯಾಗಿ ತೆಗೆದುಕೊಂಡಿತು. ಫ್ರೆಡ್ ವಾರ್ನರ್ 2018ರಲ್ಲಿ ಓಡಿದ್ದು 4.64. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಅವರು 70ನೇ ಆಯ್ಕೆಯಲ್ಲಿ ಸಿಕ್ಕರು. ಕಾಲು ಸೆಕೆಂಡು ಅಂದರೆ ಜಾಸ್ತಿನೇ, ಅಲ್ವಾ? ಆದರೆ ಆಟದಲ್ಲಿ ವೇಗವಾಗಿ ಕಾಣೋದು ವಾರ್ನರ್. ಎದುರಿನ ಗಾರ್ಡ್‌ನ (ದಾರಿ ಬಿಡಿಸುವ ಸಾಲಿನ ಆಟಗಾರ) ಮೊದಲ ಹೆಜ್ಜೆ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ನಿಂತ ಜಾಗ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಣ್ಣು, ಇಷ್ಟನ್ನೂ ಓದಿ ಅವರು ಅನುಮಾನವಿಲ್ಲದೆ ಹೊರಟುಬಿಡುತ್ತಾರೆ. ಅರ್ಧ ಸೆಕೆಂಡು ತಡಮಾಡಿದವನಿಗೆ 4.39ರ ಕಾಲಿದ್ದೂ ಏನು ಉಪಯೋಗ? ಸಿಮ್ಮನ್ಸ್ ಅವರನ್ನು ಅರಿಜೋನಾ 2023ರಲ್ಲಿ ಡ್ರಾಫ್ಟ್‌ನ ಕೊನೆಯದಾದ ಏಳನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಜೈಂಟ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು.

ಹಾಗಂತ ಅಂಕಿ ಸುಮ್ನೆ ಅಲ್ಲ. ಪಾಸ್ ಹಿಡಿಯಲು ಓಡುವ ಟೈಟ್ ಎಂಡ್ ಆಟಗಾರನ ಹಿಂದೆ ಓಡಬೇಕಾದಾಗ ಕಾಲಿನ ವೇಗ ಬೇಕೇ ಬೇಕು. ಆದರೆ ಲೈನ್‌ಬ್ಯಾಕರ್ 40 ಯಾರ್ಡ್ ನೇರವಾಗಿ ಓಡೋದು ಅಪರೂಪ, ಹಾಗಾಗಿ ಮೊದಲ 10 ಯಾರ್ಡ್ ಸಮಯ ಮತ್ತು ತಿರುಗಿ ಓಡುವ ಮೂರು ಕೋನ್ ಪರೀಕ್ಷೆ ನನಗೆ ಹೆಚ್ಚು ಮುಖ್ಯ. ನಾನಾದರೆ ಮೊದಲು ವಿಡಿಯೋ ನೋಡುತ್ತೇನೆ, ಅನುಮಾನ ಬಂದ ಕಡೆ ಮಾತ್ರ ಅಂಕಿ ತೆಗೆಯುತ್ತೇನೆ.