ಪುಣೆ–ಕಾರವಾರ ಖಾಸಗಿ ಬಸ್ಸು: ಹುಬ್ಬಳ್ಳಿಯ ‘ಕನೆಕ್ಷನ್’ ಬಗ್ಗೆ ಎಚ್ಚರ

ಪುಣೆಯಿಂದ ಅಂಕೋಲೆ, ಕಾರವಾರದ ಕಡೆಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಬರಲಿರುವವರು ಹಣ ಕಟ್ಟುವ ಮೊದಲೇ ದಯವಿಟ್ಟು ಇದನ್ನು ಓದಿ. ‘ಪುಣೆ–ಕಾರವಾರ’ ಎಂದು ಸ್ಪಷ್ಟವಾಗಿ ಬರೆದಿದ್ದ ಟಿಕೆಟನ್ನು ನನಗೂ ನನ್ನ ತಾಯಿಗೂ ಪೂರ್ತಿ ದರ ಕೊಟ್ಟು ತೆಗೆದಿದ್ದೆ. ಆ ಬಸ್ಸು ಕಾರವಾರಕ್ಕೆ ಬರುವುದೇ ಇಲ್ಲ. ಅದು ಬೆಂಗಳೂರಿನ ಬಸ್ಸು.

ಹುಬ್ಬಳ್ಳಿಯಲ್ಲಿ ಚಹಾಕ್ಕೆಂದು ಸ್ವಲ್ಪ ಹೊತ್ತು ನಿಲ್ಲಿಸಿ, ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುವುದು ನಮಗೆಲ್ಲ ಗೊತ್ತಿರುವ ದಾರಿ. ಆದರೆ ನಮ್ಮನ್ನು ಬೆಳಗಿನ ಜಾವ ಹುಬ್ಬಳ್ಳಿಯ ಹೊರಗಿನ ಗಬ್ಬೂರು ಬೈಪಾಸಿನಲ್ಲಿ ಎಬ್ಬಿಸಿ, “ಕಾರವಾರದವ್ರು ಇಳೀರಿ, ಕನೆಕ್ಷನ್ ಬಸ್ ಐತಿ” ಎಂದು ಕ್ಲೀನರ್ ಬ್ಯಾಗುಗಳನ್ನು ರಸ್ತೆಯ ಬದಿಗಿಟ್ಟ. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಕೇಳುವಷ್ಟರಲ್ಲಿ ಅವರು ಹೊರಟೇಬಿಟ್ಟರು. ಸಾಲುಗಟ್ಟಿ ನಿಂತ ಲಾರಿಗಳು, ಬಾಗಿಲು ಹಾಕಿದ ಅಂಗಡಿಗಳು, ಧೂಳು; ಮಂಡಿನೋವಿನ ಅರವತ್ತೆಂಟರ ಹೆಂಗಸು ಕೂರುವುದಕ್ಕೆ ಒಂದು ಕಟ್ಟೆಯೂ ಅಲ್ಲಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಂದ ವ್ಯಾನು ನಮ್ಮನ್ನು ಒಂದು ಲಾಡ್ಜಿಗೆ ಒಯ್ದಿತು. “ಬಸ್ ಬರೂತನಕ ಫ್ರೆಶ್ ಆಗ್ರಿ” ಎಂದು ಅವರೇ ಕೋಣೆ ತೆರೆದುಕೊಟ್ಟರು. ಹೊರಡುವಾಗ ಐನೂರು ರೂಪಾಯಿ ಕೇಳಿದರು. ಟಿಕೆಟಿನಲ್ಲಿ ಸೇರಿಲ್ಲವೇ ಎಂದರೆ, “ರೂಮು ಟಿಕೆಟಿನಾಗ ಎಲ್ಲಿ ಬರತೈತ್ರಿ?” ಎಂಬ ಉತ್ತರ. ತಾಯಿಯ ಮುಂದೆ ಜಗಳ ಬೇಡವೆಂದು ಕೊಟ್ಟೆ.

ನಿಜವಾದ ಮೋಸ ಗೊತ್ತಾದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಬಸ್ ನಿಲ್ದಾಣದಲ್ಲಿ. ಲಾಡ್ಜಿನ ಹುಡುಗ ನಮ್ಮ ಕೈಗೆ ‘ಕಾರವಾರ–2’ ಎಂದು ಪೆನ್ನಿನಲ್ಲಿ ಗೀಚಿದ ಚೀಟಿಯೊಂದನ್ನು ಕೊಟ್ಟು, ಕಾರವಾರದ ಸರಕಾರಿ ಬಸ್ಸಿನಲ್ಲಿ ಕೂರಿಸಿ ಮಾಯವಾದ. ಕಂಡಕ್ಟರ್ ಬಂದಾಗ ಆ ಚೀಟಿಯನ್ನೇ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ನಮ್ದಲ್ರೀ, ಟಿಕೆಟ್ ತಗೋರಿ” ಎಂದರು. ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. “ದುಡ್ಡು ಕೊಟ್ಟಾಗಿದೆಯಲ್ಲೋ?” ಎಂದು ಆಯಿ (ತಾಯಿ) ಮೆಲ್ಲಗೆ ಕೇಳಿದಾಗ ನನಗೆ ಆದ ಅವಮಾನವನ್ನು ಹೇಗೆ ಬರೆಯಲಿ? ಆಧಾರ್ ತೋರಿಸಿದ್ದರಿಂದ ಆಯಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಕ್ಕಿತು. ನಾನು ಹಣ ಕೊಟ್ಟು ಮತ್ತೆ ಟಿಕೆಟ್ ತೆಗೆದೆ. ಅಂದರೆ ಯಾರು ಬೇಕಾದರೂ ಹತ್ತಬಹುದಾದ ಬಸ್ಸನ್ನೇ, ಅದರಲ್ಲೂ ಆಯಿಗೆ ಉಚಿತವಾಗಿದ್ದ ಪ್ರಯಾಣವನ್ನೇ ಈ ಜನ ನಮಗೆ ಮಾರಿದ್ದರು!

ಬಸ್ಸಿನಿಂದಲೇ ಟ್ರಾವೆಲ್ಸಿನವರಿಗೆ ಫೋನ್ ಮಾಡಿದೆ. “ಕಾರವಾರದ ಬಸ್ ಹತ್ತಿಸ್ತೀವಿ ಅಂತ ಹೇಳೇವ್ರೀ ಸರ, ನಮ್ಮ ಬಸ್ ಅಂತ ಎಲ್ಲಿ ಹೇಳೇವಿ?” ಎಂದರು. ಸರಕಾರಿ ಬಸ್ಸಿನ ಹಣವನ್ನಾದರೂ ಕೊಡಿ ಎಂದರೆ, ಪ್ರಯಾಣ ಮುಗಿದ ಮೇಲೆ ರಿಫಂಡ್ ಇಲ್ಲವಂತೆ. ಪ್ರಯಾಣ ಮುಗಿದಿಲ್ಲ, ಇನ್ನೂ ಯಲ್ಲಾಪುರದಲ್ಲಿದ್ದೇವೆ ಎಂದೆ. “ಮುಟ್ಟತೀರಿ ಬಿಡ್ರಿ” ಎಂದು ಫೋನ್ ಇಟ್ಟರು. ಮುಟ್ಟತೀರಿ ಬಿಡ್ರಿ! ಆ ಮಾತು ಇನ್ನೂ ಕಿವಿಯಲ್ಲಿದೆ.

ಟಿಕೆಟ್ ತೆಗೆಯುವಾಗ ಬಸ್ಸು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ಅದು ಬೆಂಗಳೂರಾಗಿದ್ದರೆ ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುತ್ತದೆಯೇ ಹೊರತು ಘಟ್ಟ ಇಳಿಯುವುದಿಲ್ಲ. ಮಂಗಳೂರಾಗಿದ್ದರೂ ಅಂಕೋಲೆಯಿಂದ ದಕ್ಷಿಣಕ್ಕೆ ತಿರುಗುವುದರಿಂದ ಕಾರವಾರದವರು ವಿಚಾರಿಸಿಯೇ ಹಣ ಕಟ್ಟಿ. ‘ಕನೆಕ್ಷನ್’ ಎಂದರೆ ಯಾರ ಬಸ್ಸು ಎಂದು ಬರಹದಲ್ಲಿ ಕೇಳಿ. ಹೇಳದಿದ್ದರೆ ಹುಬ್ಬಳ್ಳಿಯವರೆಗೆ ಮಾತ್ರ ಟಿಕೆಟ್ ತೆಗೆದು, ಮುಂದೆ ಸರಕಾರಿ ಬಸ್ಸನ್ನು ನೀವೇ ಹತ್ತಿ. ಅವರ ಲಾಡ್ಜಿಗಂತೂ ಕಾಲಿಡಬೇಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಇದೇ ರೀತಿ ಮೋಸಹೋದವರು ಟಿಕೆಟ್, ಚೀಟಿ, ಲಾಡ್ಜಿನ ರಸೀದಿ ಯಾವುದನ್ನೂ ಎಸೆಯದೆ ನೀವೂ ದೂರು ಕೊಡಿ.