ಎಂಬಿಎಗೆ ಅರ್ಜಿ ಹಾಕಿ ಕೆಲಸ ಬದಲಿಸುವವರಿಗೆ ಪಿಎಫ್ ಪೋರ್ಟಲ್ ಎಷ್ಟು ಉಪಯೋಗ?

ಪುಣೆಯ ಹಿಂಜವಡಿ, ಖರಾಡಿ ಕಡೆ ಕೆಲಸದಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಸೆಪ್ಟೆಂಬರಿನೊಳಗೆ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ನ ಫಾರ್ಮ್ ತುಂಬಿ, ಆಮೇಲೆ ಕಂಪನಿ ಬದಲಿಸುವವರು ಬೇಕಾದಷ್ಟಿದ್ದಾರೆ. ಬದಲಿಸಿದರೆ ತಪ್ಪೇನಿಲ್ಲ. ಆದರೆ ಫಾರ್ಮಿನಲ್ಲಿ ಬರೆದ ತಾರೀಖು, ಕೆಲಸ ಬಿಡುವಾಗ ಕಂಪನಿ ಕೊಡುವ ರಿಲೀವಿಂಗ್ ಲೆಟರಿನ ತಾರೀಖು, ಪಿಎಫ್ (ಭವಿಷ್ಯನಿಧಿ) ದಾಖಲೆಯ ತಾರೀಖು ಮೂರೂ ತಾಳೆಯಾಗಬೇಕು. ಆಗದಿದ್ದರೆ ಸೀಟು ಸಿಕ್ಕ ಮೇಲೆ ವೆರಿಫಿಕೇಶನ್‌ನಲ್ಲಿ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ. ಈ ತಾಳೆ ನೋಡಲು ಪಿಎಫ್ ನಡೆಸುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ನಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಅದೂ ಪುಕ್ಕಟೆ.

12 ಅಂಕಿಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಒಳಹೋದರೆ 'ವ್ಯೂ' ಮೆನುವಿನಲ್ಲಿ 'ಸರ್ವಿಸ್ ಹಿಸ್ಟರಿ' ಇದೆ. ಪ್ರತಿ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಅಲ್ಲಿ ಸಾಲಾಗಿ ಕಾಣುತ್ತವೆ. ಮೊದಲು ಕಂಪನಿ ಹೆಸರು ನೋಡಿ. ಗುತ್ತಿಗೆ ಏಜೆನ್ಸಿಯ ಪೇರೋಲ್‌ನಲ್ಲಿದ್ದು ದೊಡ್ಡ ಕಂಪನಿಯ ಕ್ಯಾಂಪಸ್‌ನಲ್ಲಿ ಕೂತು ಕೆಲಸ ಮಾಡುವವರ ಸಾಲಿನಲ್ಲಿ ಏಜೆನ್ಸಿಯ ಹೆಸರೇ ಇರುತ್ತದೆ. ಅರ್ಜಿಯಲ್ಲಿ ಬರೀ ದೊಡ್ಡ ಕಂಪನಿಯ ಹೆಸರು ಹಾಕಿದ್ದರೆ, ಕೇಳುವ ತನಕ ಕಾಯದೆ ಅಡ್ಮಿಶನ್ ಆಫೀಸಿಗೆ ನೀವಾಗಿಯೇ ಮೇಲ್ ಮಾಡಿ ತಿಳಿಸುವುದು ಕ್ಷೇಮ.

ಕನ್ನಡಿಗರಿಗೆ ಇನ್ನೊಂದು ತಲೆನೋವು ತಮ್ಮ ಹೆಸರೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು ಮತ್ತು ಅಪ್ಪನ ಇನಿಶಿಯಲ್ ಸೇರಿಸಿದ ಹೆಸರು. ಮಹಾರಾಷ್ಟ್ರದ ರೂಢಿಯಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಬೇಕು. ಎಚ್‌ಆರ್‌ನವರು ಇನಿಶಿಯಲ್ ಬಿಡಿಸಿ ಬರೆದರೆ ಪಿಎಫ್‌ನಲ್ಲಿ ಒಂದು ಹೆಸರು, ಡಿಗ್ರಿಯಲ್ಲಿ ಇನ್ನೊಂದು. ಇದನ್ನು ಸರಿಪಡಿಸಲು 'ಜಾಯಿಂಟ್ ಡಿಕ್ಲರೇಶನ್' ಎಂಬ ತಿದ್ದುಪಡಿ ಅರ್ಜಿ ಇದೆ. 2017ರ ಅಕ್ಟೋಬರ್ 1ರ ನಂತರ ಆಧಾರ್ ತಾಳೆಯಾಗಿ ಬಂದ ಯುಎಎನ್ ಆಗಿದ್ದರೆ ಹೆಸರು, ಜನ್ಮದಿನಾಂಕದಂಥವನ್ನು ಕಂಪನಿಯ ಒಪ್ಪಿಗೆ ಇಲ್ಲದೆಯೇ ತಿದ್ದಿಕೊಳ್ಳಬಹುದು. 2025ರ ಜನವರಿಯಲ್ಲಿ ಬಂದ ಈ ಅನುಕೂಲ ನಿಜಕ್ಕೂ ದೊಡ್ಡದು. ಆದರೆ ತಿದ್ದುಪಡಿ ಆಧಾರ್‌ಗೆ ಹೊಂದುವಂತೆಯೇ ಆಗುತ್ತದೆ. ಹಾಗಾಗಿ ಮೊದಲು ಆಧಾರ್ ಸರಿ ಇರಬೇಕು.

ಪೋರ್ಟಲ್ ಕೈಕೊಡುವುದು ಎಕ್ಸಿಟ್ ಡೇಟ್ ವಿಚಾರದಲ್ಲಿ. ಹಳೆ ಕಂಪನಿಯವರು ನೀವು ಬಿಟ್ಟ ದಿನವನ್ನು ನಮೂದಿಸದಿದ್ದರೆ ನೀವು ಎರಡು ಕಡೆ ಒಟ್ಟಿಗೆ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. 'ಮ್ಯಾನೇಜ್' ಮೆನುವಿನ 'ಮಾರ್ಕ್ ಎಕ್ಸಿಟ್'ನಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಆದರೆ ಆ ಕಂಪನಿಯಿಂದ ಕೊನೆಯ ಪಿಎಫ್ ವಂತಿಗೆ ಬಂದ ಮೇಲೆ ಎರಡು ತಿಂಗಳು ಕಳೆಯಬೇಕು. ಲೆಕ್ಕ ಹಾಕಿ: 90 ದಿನದ ನೋಟಿಸ್ ಇರುವವರು ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರೆ ಬಿಡುಗಡೆ ಜನವರಿಗೆ. ನೀವಾಗಿ ಎಕ್ಸಿಟ್ ಹಾಕುವ ಹೊತ್ತಿಗೆ ಮಾರ್ಚ್ ಮುಗಿಯುತ್ತ ಬಂದಿರುತ್ತದೆ. ಐಐಎಂಗಳ ಇಂಟರ್‌ವ್ಯೂ ಫೆಬ್ರವರಿಯಿಂದಲೇ ಶುರು. ಆದ್ದರಿಂದ ಕೊನೆಯ ದಿನದ ಎಚ್‌ಆರ್ ಭೇಟಿಯಲ್ಲೇ ಎಕ್ಸಿಟ್ ಹಾಕಿಸಲು ಕೇಳಿ, ಇಂಟರ್‌ವ್ಯೂಗೆ ರಿಲೀವಿಂಗ್ ಲೆಟರಿನ ಮೂಲ ಪ್ರತಿ ಒಯ್ಯಿರಿ. ಆ ದಿನಾಂಕವನ್ನೇ ಪೋರ್ಟಲ್‌ನಲ್ಲೂ ಹಾಕಿ. ಒಂದು ದಿನ ಹೆಚ್ಚುಕಡಿಮೆಯಾದರೂ ತಿದ್ದಿಸುವುದು ರಗಳೆ.

ಹೊಸ ಕಂಪನಿ ಸೇರುವಾಗ ತುಂಬುವ ಪಿಎಫ್ ಘೋಷಣಾ ಪತ್ರ ಫಾರ್ಮ್ 11ರಲ್ಲಿ ಹಳೆಯ ಯುಎಎನ್ ಬರೆಯುವುದನ್ನು ಮರೆಯಬೇಡಿ. ಮರೆತರೆ ಎರಡನೇ ಯುಎಎನ್ ಹುಟ್ಟಿಕೊಂಡು ಅನುಭವ ಎರಡು ತುಂಡಾಗಿ ಕಾಣುತ್ತದೆ. ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಪಿಜಿಪಿಯಂಥ ಮ್ಯಾನೇಜ್‌ಮೆಂಟ್ ಕೋರ್ಸಿಗೆ 24 ತಿಂಗಳ ಪೂರ್ಣಾವಧಿ ಅನುಭವ ಬೇಕು, ಅಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ಪೋರ್ಟಲ್‌ಗೆ ತೋರಿಸಲು ಬಾರದ್ದೂ ಇದೆ. ನಿಮ್ಮ ಹುದ್ದೆ, ಬಡ್ತಿ, ಕೆಲಸದ ಸ್ವರೂಪ ಅಲ್ಲಿಲ್ಲ. ಬೇಸಿಕ್ ಸಂಬಳ ಎಷ್ಟೇ ಇದ್ದರೂ ಪಿಎಫ್ ಅನ್ನು 15,000 ರೂಪಾಯಿ ಸಂಬಳದ ಮಿತಿಗೇ ಲೆಕ್ಕ ಹಾಕಿ ಕಟ್ಟುವ ಕಂಪನಿಗಳಲ್ಲಿ ಪಾಸ್‌ಬುಕ್ ನೋಡಿದರೆ ಸಂಬಳ ಏರಿದ್ದೇ ಗೊತ್ತಾಗದು, ನಿಮ್ಮ ಪಾಲು ತಿಂಗಳು ತಿಂಗಳೂ ಅದೇ 1,800. ಹಾಗಾಗಿ ಸಂಬಳದ ಸ್ಲಿಪ್, ಎರಡೂ ಕಂಪನಿಗಳ ಫಾರ್ಮ್ 16 (ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ) ಬೇರೆಯಾಗಿ ಜೋಡಿಸಿಡಬೇಕು. ಹೊಸ ಆಫರ್ ಲೆಟರಿನಲ್ಲಿ ಪ್ರೊಬೇಶನ್ ವೇಳೆಯ ನೋಟಿಸ್ ಎಷ್ಟು ದಿನ, ಜಾಯಿನಿಂಗ್ ಬೋನಸ್ ಹಿಂದಿರುಗಿಸುವ ಷರತ್ತು ಎಷ್ಟು ತಿಂಗಳಿಗೆ ಎಂಬುದನ್ನು ಸಹಿ ಹಾಕುವ ಮೊದಲೇ ಓದಿ. ಜೂನ್‌ಗೆ ಕ್ಲಾಸ್ ಶುರುವಾಗುವುದಿದ್ದು ಅಲ್ಲೂ 90 ದಿನದ ನೋಟಿಸ್ ಇದ್ದರೆ, ಫಲಿತಾಂಶ ಬರುವ ಮೊದಲೇ ರಾಜೀನಾಮೆ ಕೊಡಬೇಕಾದೀತು.

ಹಳೆ ಖಾತೆಯ ಹಣವನ್ನು 'ಆನ್‌ಲೈನ್ ಸರ್ವಿಸಸ್'ನಲ್ಲಿ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವುದು ಸಲೀಸು. ಪುಣೆಯ ಗೋಳಿಬಾರ್ ಮೈದಾನದ ಕಚೇರಿಗೆ ಅಲೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಫೀಸಿಗೆಂದು ಆ ಹಣ ತೆಗೆಯುವ ಯೋಚನೆ ಇದ್ದರೆ ಮಾತ್ರ ಸೇವೆಯ ಅವಧಿ ನೋಡಿಕೊಳ್ಳಿ: ಐದು ವರ್ಷ ತುಂಬದೆ 50,000 ಅಥವಾ ಅದಕ್ಕಿಂತ ಹೆಚ್ಚು ತೆಗೆದರೆ, ಪ್ಯಾನ್ ಕೊಟ್ಟಿದ್ದರೂ ಶೇ. 10 ಟಿಡಿಎಸ್ (ಮೂಲದಲ್ಲೇ ತೆರಿಗೆ) ಮುರಿಯುತ್ತಾರೆ. ವರ್ಗಾಯಿಸಿಕೊಂಡಿದ್ದರೆ ಹಳೆ ಕಂಪನಿಯ ವರ್ಷಗಳೂ ಆ ಐದರಲ್ಲಿ ಸೇರುತ್ತವೆ.