ಹ್ಯಾವ್‌ಲಾಕ್‌ನಲ್ಲಿ ಉಳಿಯೋದೆಲ್ಲಿ? ಸಮುದ್ರದ ಎದುರಿನ ಕಾಟೇಜಾ, ಮಾರುಕಟ್ಟೆ ಹತ್ತಿರದ ಮನೆಯಾ?

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಂಡಮಾನಿನ ದ್ವೀಪ ಹ್ಯಾವ್‌ಲಾಕ್‌ನಲ್ಲಿ ನನ್ನ ಓಟು ಗೋವಿಂದನಗರದ ಮಾರುಕಟ್ಟೆ ಹತ್ತಿರದ ಹೋಮ್‌ಸ್ಟೇಗೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಕಿಟಕಿ ತೆರೆದರೆ ಕಾಣುವುದು ಅಡಿಕೆ ಮರಗಳು ಮತ್ತು ಪಕ್ಕದ ಮನೆಯವರು ಬಟ್ಟೆ ಒಣಹಾಕಿದ ಹಗ್ಗ. ನಮ್ಮತ್ತೆ ಸಾಗರದವರು. "ಅಡಿಕೆ ಮರ ನೋಡೋಕೆ ವಿಮಾನ ಹತ್ತಿ, ಹಡಗು ಹತ್ತಿ ಇಲ್ಲಿಗೆ ಬರಬೇಕಿತ್ತಾ?" ಎಂದು ಬಂದ ಸಂಜೆ ನಕ್ಕರು. ಆಮೇಲೆ ಅವರನ್ನು ಅಲ್ಲಿಂದ ಹೊರಡಿಸುವುದೇ ಕಷ್ಟವಾಯಿತು.

ಅಂಡಮಾನಿಗೆ ಬೆಂಗಳೂರಿನಿಂದ ನೇರ ವಿಮಾನ ಸಿಗುವುದರಿಂದ ನಮ್ಮ ಕಡೆಯವರು ಈಗ ಜಾಸ್ತಿ ಹೋಗುತ್ತಿದ್ದಾರೆ. ಹೋಗುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಎಲ್ಲಿ ಉಳಿಯೋದು? ಹೆಸರುಗಳ ಗೊಂದಲ ಬೇರೆ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ಪಕ್ಕದ ನೀಲ್ ದ್ವೀಪ ಈಗ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಅಲ್ಲಿನ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇವೆ, ನಾನೂ ಹಾಗೇ ಬರೆಯುತ್ತೇನೆ.

ನಾವು ಈ ಸಲ ಮೊದಲು ಇಳಿದದ್ದು ವಿಜಯನಗರದಲ್ಲಿ, ಅಂದರೆ ಐದನೇ ನಂಬರ್ ಬೀಚಿನ ಎದುರಿನ ಕಾಟೇಜಿನಲ್ಲಿ. ಅಲ್ಲಿಂದ ನಡುವೆಯೇ ಎದ್ದು ಗೋವಿಂದನಗರಕ್ಕೆ ಬಂದೆವು. ರಾಧಾನಗರದ ಕಡೆ, ಮದುವೆಯಾದ ಹೊಸದರಲ್ಲಿ ನಾನೂ ನಮ್ಮ ಯಜಮಾನರೂ ಇಬ್ಬರೇ ಉಳಿದಿದ್ದೆವು. ಬರುವ ದಾರಿಯಲ್ಲಿ ನೀಲ್‌ನಲ್ಲೂ ರೂಮು ಮಾಡಿದ್ದೆವು. ಎಸಿ ಇದೆಯಾ, ವೈಫೈ ಇದೆಯಾ ಎಂಬುದೆಲ್ಲ ಬುಕಿಂಗ್ ಪುಟದಲ್ಲೇ ಸಿಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ವಿಜಯನಗರದ ಕಾಟೇಜಿನ ಫೋಟೋ ಸುಳ್ಳಲ್ಲ. ಬಾಗಿಲ ಎದುರಿಗೇ ಮರಳು, ನೀರಿನ ಮೇಲೆ ಬಾಗಿದ ದೊಡ್ಡ ದೊಡ್ಡ ಮಹುವಾ ಮರಗಳು, ಆಚೆ ಹಸಿರು ಬೆರೆತ ನೀಲಿ ನೀರು. ಬೆಳಗ್ಗೆ ನಾವು ಚೆಕ್ ಇನ್ ಮಾಡಿದಾಗ ಎಲ್ಲ ಹಾಗೇ ಇತ್ತು. ಮಕ್ಕಳು ಆಗಲೇ ನೀರಿಗಿಳಿಯಲು ಕುಣಿಯುತ್ತಿದ್ದರು. "ಊಟ ಮಾಡಿ, ಸ್ವಲ್ಪ ಮಲಗಿ, ಬಿಸಿಲು ಇಳಿದ ಮೇಲೆ ಆಡಿ" ಎಂದೆವು. ಯಾವ ಮನೆಯಲ್ಲಾದರೂ ಹೇಳುವ ಮಾತು.

ಮೂರೂವರೆಗೆ ಎದ್ದು ನೋಡಿದರೆ ಸಮುದ್ರ ಇರಲಿಲ್ಲ.

ಇತ್ತು, ಆದರೆ ದೂರದಲ್ಲಿ. ನಡುವೆ ಒದ್ದೆ ಮರಳು, ಪಾಚಿ ಕಟ್ಟಿದ ಕಲ್ಲು, ಸತ್ತ ಹವಳದ ಚೂಪು ತುಂಡುಗಳು. ದೋಣಿಗಳು ಒಂದು ಪಕ್ಕಕ್ಕೆ ಒರಗಿ ಮಲಗಿದ್ದವು. ಚಿಕ್ಕವನು ಓಡಿ ಹೋಗಿ ಕಾಲು ಕೊಯ್ದುಕೊಂಡು ಬಂದ. ದೊಡ್ಡವಳು ನಡೆದೇ ನಡೆದಳು, ನೀರು ಮೊಣಕಾಲಿಗೂ ಬರಲಿಲ್ಲ. ರಿಸೆಪ್ಷನ್‌ನಲ್ಲಿ ಕೇಳಿದರೆ, "ಲೋ ಟೈಡ್ ಮೇಡಂ, ನಾಳೆ ಬೆಳಗ್ಗೆ ಬರುತ್ತೆ" ಎಂದರು. ಸಮುದ್ರವೂ ನಮ್ಮ ಬಡಾವಣೆಯ ಕಾವೇರಿ ನೀರಿನಂತೆ ಟೈಮಿಗೆ ಬಿಡುವ ವಸ್ತು ಎಂದು ಅವತ್ತು ಗೊತ್ತಾಯಿತು.

ವಿಷಯ ಹೀಗಿದೆ. ದ್ವೀಪದ ಈ ಪೂರ್ವದ ದಂಡೆ ತುಂಬ ಸಪಾಟು. ಒಳಗೆ ಹವಳದ ದಿಬ್ಬ. ಅಂಡಮಾನಿನಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಸಮಯದಲ್ಲಿ ಏರಿಳಿತದ ಅಂತರ ಸುಮಾರು 2 ಮೀಟರ್ ಆಗುತ್ತದೆ. ಇಳಿಜಾರು ಇರುವ ಕಡೆ 2 ಮೀಟರ್ ಏನೂ ಅಲ್ಲ. ಸಪಾಟು ದಂಡೆಯಲ್ಲಿ ಅಷ್ಟು ಸಾಕು, ನೀರು ಎಲ್ಲೋ ಹೋಗಿಬಿಡುತ್ತದೆ. ಇನ್ನೂ ಕಿರಿಕಿರಿ ಏನೆಂದರೆ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿ ಭರತ ಬರುವುದು ಬೆಳಗ್ಗೆ ತಿಂಡಿಯ ಹೊತ್ತಿಗೆ, ಇಳಿತ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ. ಅಂದರೆ ಮಕ್ಕಳು ನೀರಾಡುವ ಹೊತ್ತಿಗೆ ಸರಿಯಾಗಿ. ನಾವು ಹೋದದ್ದು ಹುಣ್ಣಿಮೆ ಹತ್ತಿರ. "ಬೆಳದಿಂಗಳಲ್ಲಿ ಬೀಚ್ ಚೆನ್ನಾಗಿರುತ್ತೆ" ಎಂದು ದಿನ ನೋಡಿ ಬುಕ್ ಮಾಡಿದ್ದು ನಮ್ಮ ಯಜಮಾನರು.

ನೀರು ವಾಪಸ್ ಬರುವ ಹೊತ್ತಿಗೆ ಕತ್ತಲೆ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಹಾಗಾಗಿ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಆರೂವರೆವರೆಗೆ ಬೆಳಕಿರುತ್ತದೆ ಅಂದುಕೊಂಡರೆ ಕೆಟ್ಟಿರಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಾರನೆಯ ದಿನ ನೀರು ಕಾಣೆಯಾದದ್ದು ಇನ್ನೂ ತಡವಾಗಿ, ಆದರೆ ಸಂಜೆ ಅಷ್ಟೇ ಹಾಳು.

ಈ ದಂಡೆಯ ಮಾತು ಬುಕಿಂಗ್ ಪುಟದಲ್ಲಿ ಎಲ್ಲೂ ಇರಲಿಲ್ಲ. ಫೋಟೋಗಳೆಲ್ಲ ಭರತದ ಹೊತ್ತಿನವು. ಆ "ಬೀಚ್ ಫ್ರಂಟ್" ಎಂಬ ಎರಡು ಪದಕ್ಕೆ ಹಿಂದಿನ ಸಾಲಿನ ರೂಮಿಗಿಂತ ಒಂದೂವರೆ ಪಟ್ಟು ದುಡ್ಡು ಕೊಟ್ಟಿದ್ದೆವು. ಉಳಿದ ದಿನಗಳ ಹಣ ವಾಪಸ್ ಕೇಳಿದೆವು. ಅರ್ಧ ಕೊಟ್ಟರು, ಅದೂ ಸಾಕಷ್ಟು ಮಾತಾದ ಮೇಲೆ.

ಊಟದ್ದು ಇನ್ನೊಂದು ತಲೆನೋವು. ಆ ರಸ್ತೆಯಲ್ಲಿ ಕೆಫೆಗಳಿಗೆ ಬರವಿಲ್ಲ. ಪಾಸ್ತಾ, ಪಿಜ್ಜಾ, ಮೀನು, ಏಡಿ ಎಲ್ಲ ಇದೆ. ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಬದುಕಿದ ಅತ್ತೆಗೆ ಅದರಿಂದ ಏನು ಉಪಯೋಗ? ಒಂದು ಪ್ಲೇಟ್ ದಾಲ್ ಫ್ರೈ ಬರಲು ಮುಕ್ಕಾಲು ಗಂಟೆ.

ರಾಧಾನಗರದ ವಿಷಯವೇ ಬೇರೆ. ಅದು ದ್ವೀಪದ ಪಶ್ಚಿಮಕ್ಕಿದೆ. ಹ್ಯಾವ್‌ಲಾಕ್ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಬಿಳಿ ಮರಳು, ಹಿಂದೆ ದಟ್ಟ ಕಾಡು, ಕಾಲಿಗೆ ಕಲ್ಲು ಸಿಗುವುದಿಲ್ಲ. ನೀರು ಇಳಿದರೂ ಸ್ನಾನಕ್ಕೆ ತೊಂದರೆಯಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿತು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಹೊಗಳಿಕೆಗೆ ತಕ್ಕ ಹಾಗೇ ಇದೆ. ಲೈಫ್‌ಗಾರ್ಡ್‌ಗಳಿದ್ದಾರೆ, ಸೀಟಿ ಊದುತ್ತಲೇ ಇರುತ್ತಾರೆ. ಅದು ಕಿರಿಕಿರಿಯಲ್ಲ, ಸಮಾಧಾನ. ಬಲಗಡೆ ತುದಿಯ ನೀಲ್ಸ್ ಕೋವ್ ಎಂಬ ಸಣ್ಣ ಕೊಲ್ಲಿಯ ಕಡೆ 2010ರಲ್ಲಿ ಮೊಸಳೆ ಒಬ್ಬ ಪ್ರವಾಸಿಯನ್ನು ಕೊಂದಿತ್ತು. ಮಕ್ಕಳನ್ನು ಆ ಕಡೆ ಬಿಡಬೇಡಿ.

ಹಾಗಾದರೆ ಅಲ್ಲೇ ಉಳಿಯಬಹುದಲ್ವಾ? ಇಬ್ಬರೇ ಆದರೆ, ಕಿಸೆ ಗಟ್ಟಿಯಿದ್ದರೆ ಖಂಡಿತ. ಅಲ್ಲಿ ಉಳಿಯುವ ಜಾಗಗಳೇ ಕಡಿಮೆ, ಇರುವುದರಲ್ಲಿ ಹೆಸರುವಾಸಿಯಾದವು ನಮ್ಮಂಥವರ ಬಜೆಟ್ಟಿಗೆ ಸಿಗುವುದಿಲ್ಲ. ಕತ್ತಲಾದ ಮೇಲೆ ಬೀಚಿಗೆ ಬಿಡುವುದಿಲ್ಲ. ಬೀಚಿನ ಬಾಗಿಲಲ್ಲಿರುವ ಅಂಗಡಿಗಳೂ ಬೇಗ ಮುಚ್ಚುತ್ತವೆ. ಆಮೇಲೆ ಒಂದು ಜ್ವರದ ಮಾತ್ರೆ ಬೇಕೆಂದರೂ ಆ ಕತ್ತಲೆ ರಸ್ತೆಯಲ್ಲಿ ಮಾರುಕಟ್ಟೆವರೆಗೆ ಬರಬೇಕು. ಮದುವೆಯಾದ ಹೊಸದರಲ್ಲಿ ಅದೆಲ್ಲ ಲೆಕ್ಕಕ್ಕೇ ಬಂದಿರಲಿಲ್ಲ. ಬೆಳಗ್ಗೆ ಬೇಗ ಎದ್ದು, ಬಸ್ಸಿನ ಗುಂಪುಗಳು ಬರುವ ಮೊದಲು, ಇಡೀ ದಂಡೆಯನ್ನು ನಮ್ಮದೇ ಎಂಬಂತೆ ಓಡಾಡಿದ್ದೆವು. ಅದೊಂದು ಸುಖ ಮಾತ್ರ ಬೇರೆ ಎಲ್ಲೂ ಸಿಗುವುದಿಲ್ಲ, ಒಪ್ಪುತ್ತೇನೆ.

ಈಗ ಗೋವಿಂದನಗರ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಹ್ಯಾವ್‌ಲಾಕ್‌ನಲ್ಲಿ ಜಮೀನು ಕೊಟ್ಟಿತು. ಹಳ್ಳಿಗಳ ಹೆಸರಿನಲ್ಲೇ ಗೊತ್ತಾಗುತ್ತದೆ: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ನಾವಿದ್ದದ್ದು ಅಂಥ ಒಂದು ಬಂಗಾಳಿ ಕುಟುಂಬದ ಮನೆಯ ಮಹಡಿಯಲ್ಲಿ. ಎರಡು ರೂಮು, ನಡುವೆ ಒಂದು ಜಗುಲಿ. ಬಿಟ್ಟುಬಂದ ಕಾಟೇಜಿನ ಒಂದು ರೂಮಿನ ಬಾಡಿಗೆಯಲ್ಲಿ ಇಲ್ಲಿ ಎರಡು ರೂಮು ಬಂತು, ಇನ್ನೂ ಸ್ವಲ್ಪ ಮಿಕ್ಕಿತು. ಮಿಕ್ಕ ದುಡ್ಡಲ್ಲಿ ದಿನಾ ರಾಧಾನಗರಕ್ಕೆ ಆಟೋ.

ನಮ್ಮ ಲೆಕ್ಕ ಇದ್ದದ್ದೇ ಅಲ್ಲಿ. ಅಷ್ಟು ಚಿಕ್ಕ ದ್ವೀಪದಲ್ಲಿ ಸಮುದ್ರ ಎಲ್ಲಿಂದಲೂ ಹತ್ತಿರ. ಬೇಕಾದ ಬೀಚಿಗೆ ಬೇಕಾದ ಹೊತ್ತಿಗೆ ಹೋಗಬಹುದು. ಸಂಜೆ ಪೂರ್ವದಲ್ಲಿ ನೀರು ಇಳಿದಿದೆಯಾ? ಪಶ್ಚಿಮಕ್ಕೆ ಹೋದರಾಯಿತು. ಎಲಿಫೆಂಟ್ ಬೀಚಿಗೆ ದೋಣಿ ಹೊರಡುವುದು ಜೆಟ್ಟಿಯಿಂದ, ಅದೂ ಇಲ್ಲಿಂದ ಹತ್ತಿರವೇ. ಬೆಳಗ್ಗೆ ಆರಾಮಾಗಿ ಹೊರಟೆವು. ರಾಧಾನಗರಕ್ಕೆ ಸರ್ಕಾರಿ ಬಸ್ಸೂ ಇದೆ, ಸಮಯಕ್ಕೆ ಕಾಯುವ ತಾಳ್ಮೆ ಇದ್ದರೆ ತುಂಬ ಅಗ್ಗ. ಆದರೆ ಅತ್ತೆಗೆ ಮಧ್ಯಾಹ್ನ ಹನ್ನೆರಡೂವರೆಗೆ ಅನ್ನ ಬೇಕು ಎಂಬುದನ್ನು ಯಾವ ಆಟೋದವನೂ ಸರಿಮಾಡಲಾರ. ಅದಕ್ಕೆ ಮಾರುಕಟ್ಟೆ ಹತ್ತಿರವೇ ಇರಬೇಕು.

ಮಾರುಕಟ್ಟೆಯಲ್ಲಿ ಬೆಳಗ್ಗೆ ಪೂರಿ, ಆಲೂಗಡ್ಡೆ ಪಲ್ಯ. ಬಾಳೆಹಣ್ಣು, ಎಳನೀರು, ಮೊಸರು, ಮೆಡಿಕಲ್ ಶಾಪು, ಮಕ್ಕಳಿಗೆ ಚಪ್ಪಲಿ ಹರಿದರೆ ಚಪ್ಪಲಿ. ಮನೆಯ ದೀದಿಗೆ ನಾವು ಮೀನು ತಿನ್ನುವುದಿಲ್ಲ ಎಂದಾಗ ಅವರ ಮುಖದಲ್ಲಿ ಕಂಡ ಮರುಕ ಮರೆಯುವ ಹಾಗಿಲ್ಲ. ಏನೋ ಕಾಯಿಲೆಯವರು ಅಂದುಕೊಂಡರೋ ಏನೋ. ಆದರೂ ಬೇಳೆ, ಅನ್ನ, ಎಣ್ಣೆಯಲ್ಲಿ ಕರಿದ ದಪ್ಪ ಬದನೆಕಾಯಿ ಹೋಳು ಹೊತ್ತಿಗೆ ಸರಿಯಾಗಿ ಬಂತು. ಎರಡನೇ ದಿನದಿಂದ ಅತ್ತೆ ಅವರ ಅಡುಗೆಮನೆಯಲ್ಲೇ ಕೂತರು. ಇವರು ಕನ್ನಡ, ಅವರು ಬಂಗಾಳಿ ಬೆರೆಸಿದ ಹಿಂದಿ. ಅಡಿಕೆ ಸುಲಿಯುವ ವಿಷಯಕ್ಕೆ ಗಂಟೆಗಟ್ಟಲೆ ಮಾತು.

ಕೊರತೆ ಇಲ್ಲ ಎನ್ನುವುದಿಲ್ಲ. ಕರೆಂಟು ಹೋದರೆ ಫ್ಯಾನ್ ಮಾತ್ರ, ಎಸಿ ಇಲ್ಲ. ನೀರು ಗಡಸು, ಸೋಪು ನೊರೆ ಬರುವುದಿಲ್ಲ. ಕೋಳಿ ನಾಲ್ಕಕ್ಕೇ ಕೂಗುತ್ತದೆ, ಅಲ್ಲಿ ಐದಕ್ಕೇ ಬೆಳಕಾಗುವುದರಿಂದ ಅದರದ್ದೂ ತಪ್ಪಿಲ್ಲ. ರಾತ್ರಿ ಅಲೆಗಳ ಸದ್ದು ಕೇಳುತ್ತಾ ಮಲಗಬೇಕು ಎನ್ನುವ ಆಸೆ ನಮ್ಮವರಿಗೆ ಈಡೇರಲಿಲ್ಲ. ಕೇಳಿಸಿದ್ದು ಸ್ಕೂಟರ್.

ಮರಳಲ್ಲಿರುವ ಸಣ್ಣ ನೊಣ, ಸ್ಯಾಂಡ್ ಫ್ಲೈ ಅಂತಾರೆ, ಎಲ್ಲ ಬೀಚಲ್ಲೂ ಕಚ್ಚುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರಿ.

ನೀಲ್ ನನಗೆ ಎರಡನೇ ಆಯ್ಕೆ. ಹ್ಯಾವ್‌ಲಾಕ್‌ಗಿಂತ ಚಿಕ್ಕದು, ಸೈಕಲ್ಲಿನಲ್ಲೇ ಸುತ್ತಬಹುದು. ಹಳ್ಳಿಗಳಿಗೆ ಇಲ್ಲಿ ರಾಮಾಯಣದ ಹೆಸರು: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ತರಕಾರಿ ಬೆಳೆಯುವ ಊರಾದ್ದರಿಂದ ನಮ್ಮ ಊಟಕ್ಕೂ ಚಿಂತೆಯಿಲ್ಲ. ಲಕ್ಷ್ಮಣಪುರದ ಕಲ್ಲಿನ ಸೇತುವೆ ನೋಡಲು ಇಳಿತದ ಹೊತ್ತಿಗೇ ಹೋಗಬೇಕು, ಹೊಂಡಗಳಲ್ಲಿ ಸಿಕ್ಕಿಕೊಂಡ ಮೀನು, ಸಮುದ್ರ ಸೌತೆ ಎಂಬ ಜೀವಿ ಎಲ್ಲ ಆಗಲೇ ಕಾಣುವುದು. ವಿಜಯನಗರದಲ್ಲಿ ಶಪಿಸಿದ್ದ ಅದೇ ಇಳಿತಕ್ಕೆ ಮಕ್ಕಳು ಇಲ್ಲಿ ಕಾದು ಕೂತರು. ದೊಡ್ಡ ಮಕ್ಕಳಿಗೆ ಎರಡನೇ ದಿನ ಸಂಜೆ ಬೇಜಾರಾಗಬಹುದು. ಅತ್ತೆಗೆ ಆ ಕಲ್ಲಿನ ಹಾದಿ ಆಗಲಿಲ್ಲ, ಮರದ ಕೆಳಗೆ ಕೂತಿದ್ದರು.

ಪೋರ್ಟ್ ಬ್ಲೇರ್‌ನಲ್ಲೇ ರೂಮು ಇಟ್ಟುಕೊಂಡು ದಿನದ ಮಟ್ಟಿಗೆ ಹ್ಯಾವ್‌ಲಾಕ್‌ಗೆ ಹೋಗಿಬರುವ ಯೋಚನೆ ಬಿಡಿ. ಖಾಸಗಿ ಹಡಗಿನಲ್ಲೂ ಒಂದು ದಾರಿಗೆ ಒಂದೂವರೆಯಿಂದ ಎರಡು ಗಂಟೆ. ಮಗು ಎರಡು ಕಡೆಯೂ ವಾಂತಿ ಮಾಡಿದರೆ ಇಡೀ ದಿನ ಅದರಲ್ಲೇ ಹೋಯಿತು. ಸೆಲ್ಯುಲರ್ ಜೈಲು, ರಾಸ್ ದ್ವೀಪಕ್ಕಾಗಿ ಒಂದು ರಾತ್ರಿ ಉಳಿದರೆ ಸಾಕು.

ಬೀಚ್ ಫ್ರಂಟೇ ಬೇಕು ಎಂದು ಹಟ ಹಿಡಿಯುವವರಿಗೆ ಒಂದು ಮಾತು. ಬುಕ್ ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಅಷ್ಟಮಿಯ ಆಸುಪಾಸು ಹೋದರೆ ಏರಿಳಿತ ಕಡಿಮೆ, ಇಳಿತ ಬೆಳಗ್ಗೆ ಮುಗಿದು ಮಧ್ಯಾಹ್ನದ ನಂತರ ನೀರು ದಂಡೆಗೆ ಬಂದಿರುತ್ತದೆ. ಆಗ ವಿಜಯನಗರ ನಿಜಕ್ಕೂ ಚೆನ್ನ, ಅಲೆಯೇ ಇಲ್ಲದ ನೀರು, ಚಿಕ್ಕ ಮಕ್ಕಳಿಗೆ ಭಯವಿಲ್ಲ. ಮುಂದಿನ ಸಲ ಹಾಗೇ ಮಾಡೋಣ ಎಂದು ನಮ್ಮ ಯಜಮಾನರು ಈಗಲೇ ಪಂಚಾಂಗ ಹಿಡಿದಿದ್ದಾರೆ. ಅತ್ತೆ ಬರುವುದಾದರೆ ನಾನು ಮಾತ್ರ ದೀದಿಗೇ ಫೋನ್ ಮಾಡುವುದು.

ಇನ್ನೊಂದು, ಎಲ್ಲೇ ಉಳಿಯಿರಿ, ವಾಪಸ್ ವಿಮಾನದ ದಿನವೇ ದ್ವೀಪದಿಂದ ಹಡಗು ಹತ್ತಬೇಡಿ. ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ, ವಿಮಾನ ಕಾಯುವುದಿಲ್ಲ. ಹಿಂದಿನ ಮಧ್ಯಾಹ್ನವೇ ಪೋರ್ಟ್ ಬ್ಲೇರ್‌ಗೆ ಬಂದುಬಿಡಿ.